ಕಾಯಿಸಿದರೂ ಹೋಗದ ವಿಷ: ಕೊಳವೆ ಬಾವಿಯ ನೀರಿನಲ್ಲಿ ಕರಗಿರುವುದೇನು?

2022ರಲ್ಲಿ ರಾಯಚೂರು ನಗರದಲ್ಲಿ, 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ವಾಂತಿ ಭೇದಿ, ತುಂಬಿದ ಆಸ್ಪತ್ರೆ ವಾರ್ಡುಗಳು, ತನಿಖೆ, ಅಮಾನತು. ಕೆಲವು ದಿನ ರಾಜ್ಯವೆಲ್ಲ ಕುಡಿಯುವ ನೀರಿನ ಬಗ್ಗೆಯೇ ಮಾತಾಡಿತು. ಅದು ಆಗಬೇಕಾದದ್ದೇ. ಆದರೆ ಅದೇ ರಾಯಚೂರು, ಚಿತ್ರದುರ್ಗ ಜಿಲ್ಲೆಗಳಲ್ಲಿ, ಪಾವಗಡ, ಬಾಗೇಪಲ್ಲಿ, ಮುಂಡರಗಿ ತಾಲ್ಲೂಕುಗಳಲ್ಲಿ ನೀರಿನಿಂದಲೇ ಬರುವ ಇನ್ನೊಂದು ಬಗೆಯ ಕಾಯಿಲೆ ದಶಕಗಳಿಂದ ಬೀಡುಬಿಟ್ಟಿದೆ. ಅದಕ್ಕೆ ಜ್ವರವಿಲ್ಲ, ವಾಂತಿಯಿಲ್ಲ. ಒಂದೇ ರಾತ್ರಿಯಲ್ಲಿ ಹತ್ತು ಜನರನ್ನು ಆಸ್ಪತ್ರೆಗೆ ಸೇರಿಸುವುದಿಲ್ಲ. ಇಪ್ಪತ್ತು ವರ್ಷಗಳಲ್ಲಿ ಒಂದು ಊರಿನ ಬೆನ್ನು ಬಗ್ಗಿಸುತ್ತದೆ. ಹಾಗಾಗಿ ಅದು ಸುದ್ದಿಯಾಗುವುದಿಲ್ಲ.

ನಮ್ಮ ಮನಸ್ಸಿನಲ್ಲಿ ಕೆಟ್ಟ ನೀರು ಎಂದರೆ ಕೆಂಪಗಿರುವ, ವಾಸನೆ ಬರುವ, ಹುಳು ಬಿದ್ದ ನೀರು. ಅದಕ್ಕೆ ಅಜ್ಜಿಯಂದಿರಿಂದ ಡಾಕ್ಟರರವರೆಗೆ ಎಲ್ಲರೂ ಹೇಳುವ ಮದ್ದು ಒಂದೇ: ಕಾಯಿಸಿ, ಆರಿಸಿ, ಸೋಸಿ ಕುಡಿಯಿರಿ. ರೋಗಾಣುಗಳ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಸಲಹೆ ಇಲ್ಲ. ಆದರೆ ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್, ಯುರೇನಿಯಂ ಮುಂತಾದ ನಿರವಯವ ವಸ್ತುಗಳು ಜೀವಾಣುಗಳಲ್ಲ, ಕುದಿಸಿದರೆ ಸಾಯುವುದಕ್ಕೆ. ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ ಒಂದು ಲೀಟರ್ ನೀರನ್ನು ಕುದಿಸಿ ಮುಕ್ಕಾಲು ಲೀಟರಿಗೆ ಇಳಿಸಿದಿರಿ ಎನ್ನಿ. ಆವಿಯಾಗಿ ಹೋದದ್ದು ನೀರು ಮಾತ್ರ. ಫ್ಲೋರೈಡ್ ಅಷ್ಟೂ ಪಾತ್ರೆಯಲ್ಲೇ ಉಳಿದು ಅದರ ಸಾಂದ್ರತೆ ಲೀಟರಿಗೆ ಸುಮಾರು 2.7 ಮಿಲಿಗ್ರಾಂಗೆ ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ, ಕ್ಯಾಂಡಲ್ ಫಿಲ್ಟರಿಗೆ ಹಾಕಿದರೂ, ಯುವಿ ದೀಪದ ಕೆಳಗೆ ಹರಿಸಿದರೂ ಇವು ಹೋಗುವುದಿಲ್ಲ. ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೆ ತಿಳಿಯುವುದಿಲ್ಲ.

ಕಣ್ಣಿಗೆ ಕಾಣುವ ಲೋಹವೂ ಒಂದಿದೆ: ಕಬ್ಬಿಣ. ಕರಾವಳಿ, ಮಲೆನಾಡಿನ ಮುರಕಲ್ಲಿನ ಬಾವಿಗಳಲ್ಲಿ ಬಕೆಟ್ಟು, ಬಟ್ಟೆ, ಪಾತ್ರೆಗೆಲ್ಲ ಕೆಂಪು ಕಲೆ ಹಿಡಿಸುವುದು ಅದೇ. ಜನ ಅದಕ್ಕೆ ಅಂಜುತ್ತಾರೆ, ದೂರು ಕೊಡುತ್ತಾರೆ. ಆರೋಗ್ಯದ ಲೆಕ್ಕದಲ್ಲಿ ಈ ಪಟ್ಟಿಯಲ್ಲಿ ಅತ್ಯಂತ ಕಡಿಮೆ ಅಪಾಯದ್ದು ಅದು. ತಿಳಿಯಾಗಿ, ಹೊಳೆಯುತ್ತಾ, ಬಾಯಿಗೆ ಸಿಹಿಯಾಗಿ ಬರುವ ಬಯಲುಸೀಮೆಯ ಕೊಳವೆ ಬಾವಿಯ ನೀರಿನ ಬಗ್ಗೆ ಯಾರೂ ದೂರು ಕೊಡುವುದಿಲ್ಲ.

ಕಲ್ಲಿನೊಳಗಿಂದ ಬಂದ ನೀರು

ಈ ನೀರು ನಮ್ಮ ಮನೆಗೆ ಬಂದ ಕಥೆಯನ್ನು ನ್ಯಾಯವಾಗಿ ಹೇಳಬೇಕು. ಕೆರೆ, ಕಲ್ಯಾಣಿ, ತೆರೆದ ಬಾವಿಗಳ ಕಾಲದ ನೀರು ಅಮೃತವೇನೂ ಆಗಿರಲಿಲ್ಲ. ಕಾಲರಾ ಊರೂರನ್ನೇ ಖಾಲಿ ಮಾಡುತ್ತಿತ್ತು. ಉತ್ತರ ಕರ್ನಾಟಕದ ಮೆಟ್ಟಿಲು ಬಾವಿಗಳಿಂದ ನಾರುಹುಣ್ಣು ಹರಡುತ್ತಿತ್ತು. ಕಾಲಿನ ಹುಣ್ಣಿನಿಂದ ಹೊರಬರುವ ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟೇ ಎಂದು ಎಳೆದು ತೆಗೆಯಬೇಕಿತ್ತು. 1960ರ ದಶಕದ ಕೊನೆಯಲ್ಲಿ, ಬರಗಾಲದ ಹೊತ್ತಿಗೆ, ಗಟ್ಟಿ ಬಂಡೆಯನ್ನು ಕೊರೆಯುವ ರಿಗ್‌ಗಳು ಯುನಿಸೆಫ್ ಮೂಲಕ ಭಾರತಕ್ಕೆ ಬಂದವು. ಹಿಂದೆಯೇ ಊರೂರಿಗೆ ಕೈಪಂಪು ಬಂತು, ನಮ್ಮ ಹಳ್ಳಿಗರು ಇಂದಿಗೂ ಬೋರಿಂಗ್ ಎಂದು ಕರೆಯುವ ಅದೇ ಪಂಪು. ದೇಶದ ಕೊನೆಯ ನಾರುಹುಣ್ಣು ಪ್ರಕರಣ ದಾಖಲಾದದ್ದು 1996ರಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಆ ರೋಗದಿಂದ ಮುಕ್ತವೆಂದು ಘೋಷಿಸಿತು. ಆ ಗೆಲುವಿನಲ್ಲಿ ಬೋರಿಂಗಿನ ಪಾಲು ದೊಡ್ಡದು. ಲಕ್ಷಾಂತರ ಮಕ್ಕಳ ಜೀವ ಉಳಿಸಿದ ಕೊಳವೆ ಅದು.

ಆದರೆ ನಾವು ಅಲ್ಲಿಗೆ ನಿಲ್ಲಲಿಲ್ಲ. ಮನೆಗೆ ನೀರು ಕೊಡಲು ಕೊರೆದ ತಂತ್ರವನ್ನು ಹೊಲಕ್ಕೂ ತಂದೆವು. ಕೆರೆಗಳಲ್ಲಿ ಹೂಳು ತುಂಬಿತು, ರಾಜಕಾಲುವೆ ಮುಚ್ಚಿತು, ಮೇಲಿನ ಮಣ್ಣಿನ ಪದರದಲ್ಲಿದ್ದ ನೀರು ಬತ್ತಿತು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಒಂದು ಕಾಲಕ್ಕೆ ಇನ್ನೂರು ಅಡಿಗೆ ಸಿಗುತ್ತಿದ್ದ ನೀರಿಗೆ ಈಗ ಸಾವಿರ, ಸಾವಿರದೈನೂರು ಅಡಿ ಇಳಿಯುತ್ತಾರೆ. ರಿಗ್ ಲಾರಿ ಬಂದು ನಿಂತ ಹೊಲದಲ್ಲಿ ನೋಡಿದರೆ ವಿಷಯ ಕಣ್ಣಿಗೇ ಕಟ್ಟುತ್ತದೆ. ಮೊದಲ ನಲವತ್ತು, ಅರವತ್ತು ಅಡಿ ಮಣ್ಣು, ಶಿಥಿಲ ಕಲ್ಲು. ಅಲ್ಲಿಯವರೆಗೆ ಕೇಸಿಂಗ್ ಪೈಪು ಇಳಿಸುತ್ತಾರೆ. ಅದರ ಕೆಳಗೆ ಗಂಟೆಗಟ್ಟಲೆ ಬೂದುಬಣ್ಣದ ಕಲ್ಲಿನ ಹಿಟ್ಟು ಹಾರುತ್ತದೆ, ಸುತ್ತಲಿನ ಗಿಡಗಳೆಲ್ಲ ಬೆಳ್ಳಗಾಗುತ್ತವೆ. ಕೊನೆಗೆಲ್ಲೋ ಒಂದು ಬಿರುಕು ಸಿಕ್ಕಾಗ ಹಿಟ್ಟು ಒದ್ದೆಯಾಗುತ್ತದೆ, ‘ಜಲ ಬಿತ್ತು’ ಎನ್ನುತ್ತಾರೆ, ಪಾಯಿಂಟ್ ತೋರಿಸಿದವನಿಗೆ ಕೈ ಮುಗಿಯುತ್ತಾರೆ. ಆ ಬಿರುಕಿನ ನೀರು ಎಷ್ಟು ಕಾಲದಿಂದ ಆ ಕಲ್ಲಿನ ಜೊತೆ ಕೂತಿತ್ತು ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ಕಾಫಿಪುಡಿಯ ಮೇಲೆ ಬಿಸಿನೀರು ಹೆಚ್ಚು ಹೊತ್ತು ನಿಂತಷ್ಟೂ ಡಿಕಾಕ್ಷನ್ ಗಟ್ಟಿಯಾಗುವ ಹಾಗೆ, ಬಂಡೆಯ ಬಿರುಕಿನಲ್ಲಿ ನಿಂತ ನೀರು ಬಂಡೆಯನ್ನು ಕರಗಿಸಿಕೊಳ್ಳುತ್ತಾ ಹೋಗುತ್ತದೆ.

ನಮ್ಮ ಬಯಲುಸೀಮೆಯ ತಳದಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಶಿಲೆ. ಅದರಲ್ಲಿ ಫ್ಲೋರೈಟ್, ಅಪಟೈಟ್, ಕಪ್ಪು ಅಭ್ರಕದಂಥ ಖನಿಜಗಳಿವೆ. ಫ್ಲೋರೈಡ್ ಬರುವುದು ಇವುಗಳಿಂದ. ಇಲ್ಲೊಂದು ರಸಾಯನಶಾಸ್ತ್ರದ ಸೂಕ್ಷ್ಮವಿದೆ. ನೀರಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದ್ದರೆ ಅದು ಫ್ಲೋರೈಡ್ ಜೊತೆ ಕೂಡಿ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ತಳಕ್ಕಿಳಿಯುತ್ತದೆ, ನೀರಿನಲ್ಲಿ ಫ್ಲೋರೈಡ್ ಹೆಚ್ಚು ಏರಲು ಬಿಡುವುದಿಲ್ಲ. ಆಳದಲ್ಲಿ ಬಹುಕಾಲ ನಿಂತ ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಿ ಸೋಡಿಯಂ ಮತ್ತು ಬೈಕಾರ್ಬನೇಟ್ ಹೆಚ್ಚಿರುತ್ತವೆ, ನೀರು ಕ್ಷಾರೀಯವಾಗಿರುತ್ತದೆ. ಆಗ ಫ್ಲೋರೈಡಿಗೆ ತಡೆಯೇ ಇಲ್ಲ. ಅಂದರೆ ಪಾತ್ರೆಗೆ ಬಿಳಿ ಪದರ ಕಟ್ಟುವ, ಬೇಳೆ ಬೇಯದ ಗಡಸು ನೀರಿಗಿಂತ, ಸೋಪು ಚೆನ್ನಾಗಿ ನೊರೆಯಾಗುವ ಮೆದು ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಸಂಭವ ಹೆಚ್ಚು. ಜನ ‘ಸಪ್ಪೆ ನೀರು, ಒಳ್ಳೆಯ ನೀರು’ ಎಂದು ಆರಿಸಿಕೊಳ್ಳುವುದು ಕೆಲವೊಮ್ಮೆ ಅದನ್ನೇ.

ಮೊದಲು ಹಲ್ಲು, ಆಮೇಲೆ ಮೂಳೆ

ಭಾರತದಲ್ಲಿ ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಹೆಚ್ಚಾಗಿ ಬರುವ ಕಾಯಿಲೆ, ಮೊದಲು ವೈದ್ಯಕೀಯ ದಾಖಲೆಗೆ ಬಂದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಅಂದರೆ ಈ ಕಾಯಿಲೆಯ ಕಾರಣ ತಿಳಿದು ಎಂಬತ್ತು ವರ್ಷಗಳ ಮೇಲಾಯಿತು.

ಅದರ ಮೊದಲ ಗುರುತು ಮಕ್ಕಳ ಹಲ್ಲು. ಮೊದಲು ಸೀಮೆಸುಣ್ಣ ಬಳಿದಂಥ ಬಿಳಿ ಮಚ್ಚೆ, ಆಮೇಲೆ ಅಡ್ಡಡ್ಡ ಹಳದಿ ಗೆರೆ, ತೀವ್ರವಾದರೆ ಕಂದು ಬಣ್ಣ, ಗುಳಿ. ಎರಡೂ ಬದಿಯ ಹಲ್ಲುಗಳಲ್ಲಿ ಒಂದೇ ಎತ್ತರದಲ್ಲಿ ಗೆರೆ ಇರುತ್ತದೆ, ಉಜ್ಜಿದರೆ ಹೋಗುವುದಿಲ್ಲ. ಏಕೆಂದರೆ ಅದು ಹಲ್ಲಿನ ಮೇಲೆ ಕೂತ ಕೊಳೆಯಲ್ಲ. ಒಸಡಿನೊಳಗೆ ದಂತಕವಚ ರೂಪುಗೊಳ್ಳುವಾಗಲೇ ಆದ ಹಾನಿ. ಹುಟ್ಟಿನಿಂದ ಸುಮಾರು ಎಂಟು ವರ್ಷದೊಳಗೆ ಕುಡಿದ ನೀರು ಅಲ್ಲಿ ಬರೆದಿಟ್ಟಂತೆ ಉಳಿಯುತ್ತದೆ. ಶಾಲೆಯಲ್ಲಿ ಸಾಲಾಗಿ ನಿಲ್ಲಿಸಿ ಹಲ್ಲು ನೋಡಿದರೆ ಆ ಊರಿನ ಕೊಳವೆ ಬಾವಿಯ ಚರಿತ್ರೆ ಅರ್ಥವಾಗುತ್ತದೆ. ಅದೇ ಮಗು ದೊಡ್ಡದಾಗಿ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತದೆ, ಮದುವೆಯ ಮಾತುಕತೆಯಲ್ಲಿ ‘ಆ ಕಡೆಯ ಹೆಣ್ಣು ಬೇಡ’ ಎಂಬ ಮಾತು ಕೇಳುತ್ತದೆ. ಇದನ್ನು ಸೌಂದರ್ಯದ ಸಮಸ್ಯೆ ಎಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಮೂಳೆಯ ಕಥೆ ಇನ್ನೂ ನಿಧಾನ. ದೇಹ ಸೇರಿದ ಫ್ಲೋರೈಡಿನಲ್ಲಿ ವಯಸ್ಕರಲ್ಲಿ ಸುಮಾರು ಅರ್ಧ ಮೂತ್ರದಲ್ಲಿ ಹೋಗುತ್ತದೆ, ಉಳಿದದ್ದು ಮೂಳೆಯಲ್ಲಿ ಸೇರುತ್ತಾ ಹೋಗುತ್ತದೆ. ಬೆಳೆಯುವ ಮಕ್ಕಳಲ್ಲಿ ಉಳಿಯುವ ಪಾಲು ಇನ್ನೂ ಹೆಚ್ಚು. ಕತ್ತು, ಸೊಂಟ, ಮಂಡಿ ಬಿಗಿಯುತ್ತವೆ. ನೆಲಕ್ಕೆ ಕೂತರೆ ಏಳಲಾಗುವುದಿಲ್ಲ, ಹಿಂದೆ ಯಾರಾದರೂ ಕರೆದರೆ ಕತ್ತು ತಿರುಗಿಸಲಾಗದೆ ಇಡೀ ದೇಹವನ್ನೇ ತಿರುಗಿಸಬೇಕಾಗುತ್ತದೆ. ಜನ ಇದನ್ನು ವಾಯು ಎನ್ನುತ್ತಾರೆ, ವಯಸ್ಸಾಯಿತು ಎನ್ನುತ್ತಾರೆ, ನೋವಿನ ಮಾತ್ರೆ ನುಂಗುತ್ತಾರೆ. 1970ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಆಂಧ್ರದ ಹಳ್ಳಿಗಳಲ್ಲಿ ಮಂಡಿ ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವ ಮಕ್ಕಳನ್ನು ಗುರುತಿಸಿದರು. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಬಡ ಮನೆಗಳಲ್ಲಿ ಫ್ಲೋರೈಡಿನ ಹೊಡೆತ ಜೋರು. ಹಾಲು, ರಾಗಿ, ಸೊಪ್ಪು ತಿನ್ನುವವರಿಗೆ ಕರುಳಿನಲ್ಲೇ ಒಂದಷ್ಟು ತಡೆ ಸಿಗುತ್ತದೆ. ಹುಣಸೆಹಣ್ಣು ಫ್ಲೋರೈಡನ್ನು ಮೂತ್ರದಲ್ಲಿ ಹೊರಹಾಕಲು ನೆರವಾಗುತ್ತದೆ ಎಂದೂ ಅದೇ ಸಂಸ್ಥೆಯ ಅಧ್ಯಯನಗಳು ತೋರಿಸಿವೆ. ಆದರೆ ನೀರು ಬದಲಾಗದೆ ಹುಣಸೆಯನ್ನೇ ನಂಬಿ ಕೂರುವಂತಿಲ್ಲ. ಗಟ್ಟಿಯಾದ ಮೂಳೆಯನ್ನು ಮೊದಲಿನಂತೆ ಮಾಡುವ ಔಷಧ ಇಲ್ಲ.

ಇನ್ನು ಮಿತಿಯ ಲೆಕ್ಕ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡ, ಅಂದರೆ ಐಎಸ್ 10500, ಫ್ಲೋರೈಡಿಗೆ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ ಎನ್ನುತ್ತದೆ. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಹೋಗಬಹುದು ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ 1.5. ಸಾಮಾನ್ಯವಾಗಿ ದಿನಕ್ಕೆ ಎರಡು ಲೀಟರ್ ನೀರು ಎಂದು ಹಿಡಿದರೆ 3 ಮಿಲಿಗ್ರಾಂ ಆಯಿತು. ಆದರೆ ಏಪ್ರಿಲ್ ಬಿಸಿಲಿನಲ್ಲಿ ಪಾವಗಡದ ಹೊಲದಲ್ಲಿ ಕಳೆ ಕೀಳುವ, ಕಲ್ಲು ಕ್ವಾರಿಯಲ್ಲಿ ಸುತ್ತಿಗೆ ಎತ್ತುವ ಮನುಷ್ಯ ಎರಡು ಲೀಟರಿಗೆ ನಿಲ್ಲುತ್ತಾನೆಯೇ? ಐದು ಲೀಟರ್ ಕುಡಿಯುತ್ತಾನೆ. ಅಲ್ಲಿಗೆ 7.5 ಮಿಲಿಗ್ರಾಂ. ದಿನಕ್ಕೆ 6 ಮಿಲಿಗ್ರಾಂ ದಾಟಿದಾಗಲೇ ಮೂಳೆಯ ಅಪಾಯ ಹೆಚ್ಚುವ ಸೂಚನೆಗಳಿವೆ, 14 ದಾಟಿದರೆ ಅಪಾಯ ಸ್ಪಷ್ಟ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ‘ಮಿತಿಯೊಳಗಿದೆ’ ಎಂಬ ಸರ್ಟಿಫಿಕೇಟ್ ಪಡೆದ ನೀರು ದುಡಿಯುವ ದೇಹಕ್ಕೆ ಮಿತಿಯೊಳಗಿಲ್ಲ.

ಅದರ ಮೇಲೆ ಅಡುಗೆ. ಒಂದು ಲೋಟ ರಾಗಿಹಿಟ್ಟಿಗೆ ಎರಡು ಲೋಟ ಎಸರು ಬೇಕು. ಅನ್ನಕ್ಕೂ ಅಷ್ಟೇ. ಆ ನೀರಿನಲ್ಲಿದ್ದ ಫ್ಲೋರೈಡ್ ಮುದ್ದೆಯ ಜೊತೆಯೇ ತಟ್ಟೆಗೆ ಬರುತ್ತದೆ. ಸಾರು, ಕಾಫಿ, ಮಜ್ಜಿಗೆಯ ನೀರು ಬೇರೆ. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯುರೇನಿಯಂ, ಆರ್ಸೆನಿಕ್

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಹವಾಮಾನ ಬದಲಾವಣೆ ಕೇಂದ್ರದ ವಿಜ್ಞಾನಿಗಳು ಕರ್ನಾಟಕದ ಪೂರ್ವ ಭಾಗದ 73 ಹಳ್ಳಿಗಳ ಅಂತರ್ಜಲವನ್ನು ಪರೀಕ್ಷಿಸಿದರು. 57 ಹಳ್ಳಿಗಳಲ್ಲಿ ಯುರೇನಿಯಂ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಾದ ಲೀಟರಿಗೆ 30 ಮೈಕ್ರೋಗ್ರಾಂ ದಾಟಿತ್ತು. 48 ಹಳ್ಳಿಗಳಲ್ಲಿ ಅಣುಶಕ್ತಿ ನಿಯಂತ್ರಣ ಮಂಡಳಿಯ ಸಡಿಲ ಮಿತಿಯಾದ 60 ಮೈಕ್ರೋಗ್ರಾಂ ಕೂಡ ದಾಟಿತ್ತು. ಕೆಲವು ಹಳ್ಳಿಗಳಲ್ಲಿ ಸಾವಿರದ ಮೇಲೆ. ಇದಕ್ಕೆ ಕಾರ್ಖಾನೆಯೂ ಇಲ್ಲ, ಅಣುಸ್ಥಾವರವೂ ಇಲ್ಲ. ಗ್ರಾನೈಟಿನಲ್ಲಿ ಸಹಜವಾಗಿಯೇ ಅತ್ಯಲ್ಪ ಪ್ರಮಾಣದ ಯುರೇನಿಯಂ ಇರುತ್ತದೆ. ಅಂತರ್ಜಲದ ಮಟ್ಟ ಕುಸಿದಾಗ ಆಮ್ಲಜನಕ ಕೆಳಗಿನ ಬಂಡೆಗಳವರೆಗೆ ತಲಪುತ್ತದೆ, ಕರಗದ ರೂಪದಲ್ಲಿದ್ದ ಯುರೇನಿಯಂ ಕರಗುವ ರೂಪಕ್ಕೆ ತಿರುಗುತ್ತದೆ, ನೀರಿನ ಬೈಕಾರ್ಬನೇಟ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೀಜ ಬಂಡೆಯದು, ಅದನ್ನು ಎಬ್ಬಿಸಿದ್ದು ನಮ್ಮ ಪಂಪುಸೆಟ್ಟು.

ಯುರೇನಿಯಂ ಎಂದೊಡನೆ ಜನ ವಿಕಿರಣಕ್ಕೆ ಹೆದರುತ್ತಾರೆ. ಕುಡಿಯುವ ನೀರಿನ ಮಟ್ಟಿಗೆ ಮುಖ್ಯ ಭಯ ಅದಲ್ಲ. ಸೀಸದಂತೆ ಇದೂ ಒಂದು ಭಾರಲೋಹ. ಮೊದಲು ಪೆಟ್ಟು ತಿನ್ನುವುದು ಮೂತ್ರಪಿಂಡದ ಸೂಕ್ಷ್ಮ ನಾಳಗಳು. ಸಕ್ಕರೆ ಕಾಯಿಲೆ, ರಕ್ತದೊತ್ತಡದಿಂದ ಮೊದಲೇ ಮೂತ್ರಪಿಂಡ ದುರ್ಬಲವಾದವರು ಹಳ್ಳಿಗಳಲ್ಲೂ ಹೆಚ್ಚುತ್ತಿರುವ ಈ ಹೊತ್ತಿನಲ್ಲಿ ಇದು ಸಣ್ಣ ಮಾತಲ್ಲ. ಫ್ಲೋರೈಡನ್ನು ಹೊರಹಾಕಬೇಕಾದದ್ದೂ ಅದೇ ಮೂತ್ರಪಿಂಡ. ಎರಡೂ ಒಂದೇ ಕೊಳವೆಯಿಂದ ಬರುವ ಊರುಗಳಲ್ಲಿ ಹಾನಿಯನ್ನು ಬೇರೆಬೇರೆಯಾಗಿ ಎಣಿಸುವುದು ಸರಿಯಾಗದು.

ಆರ್ಸೆನಿಕ್ ಎಂದರೆ ಪಶ್ಚಿಮ ಬಂಗಾಳ, ಬಾಂಗ್ಲಾದೇಶದ ಸಮಸ್ಯೆ ಎಂದುಕೊಂಡಿದ್ದೆವು. ಬಂಗಾಳದಲ್ಲಿ ಅದು ಬೆಳಕಿಗೆ ಬಂದದ್ದು 1980ರ ದಶಕದಲ್ಲಿ. ಆದರೆ ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಕಿರದಳ್ಳಿ ತಾಂಡಾದಲ್ಲೂ ಅಂಗೈ ಅಂಗಾಲು ಗಂಟುಗಂಟಾಗಿ ಒರಟಾದ, ಮೈಮೇಲೆ ಕಪ್ಪು ಬಿಳಿ ಚುಕ್ಕೆ ಎದ್ದ, ಚರ್ಮದ ಕ್ಯಾನ್ಸರ್ ಬಂದ ಜನರನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಹತ್ತಿರದಲ್ಲೇ ಇದ್ದದ್ದು ಮಂಗಳೂರು ಎಂಬ ಊರಿನ ಮುಚ್ಚಿದ ಚಿನ್ನದ ಗಣಿ (ಕರಾವಳಿಯ ನಗರವಲ್ಲ, ಸುರಪುರದ ಕಡೆಯ ಹಳ್ಳಿ). ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಇರುವ ಖನಿಜವೂ ಇರುತ್ತದೆ. ಹಟ್ಟಿ ಗಣಿಯ ಸುತ್ತಲಿನ ನೀರಿನಲ್ಲೂ ಆರ್ಸೆನಿಕ್ ಕಂಡಿದೆ. ಇದು ಕ್ಯಾನ್ಸರ್ ತರುವುದು ಖಚಿತವಾಗಿರುವ ವಸ್ತು: ಚರ್ಮ, ಶ್ವಾಸಕೋಶ, ಮೂತ್ರಕೋಶ. ಚಿನ್ನವನ್ನು ತೆಗೆದುಕೊಂಡು ಹೋದವರು ಕಲ್ಲಿನ ಪುಡಿಯನ್ನು ಲಂಬಾಣಿ ತಾಂಡಾಗಳ ಪಕ್ಕ ಬಿಟ್ಟುಹೋದರೆ ಅದರ ಬಿಲ್ಲನ್ನು ಯಾರು ಕಟ್ಟಬೇಕು? ಈ ಪ್ರಶ್ನೆಯನ್ನು ಗಣಿಗಾರಿಕೆಯ ಪ್ರತಿ ಹೊಸ ಅರ್ಜಿಯ ಎದುರೂ ಕೇಳಬೇಕು.

ನೈಟ್ರೇಟ್ ನಾವೇ ಸುರಿದದ್ದು

ಬಂಡೆಯನ್ನು ದೂರಲಾಗದ ಒಂದು ವಸ್ತುವಿದೆ. ಕೇಂದ್ರ ಅಂತರ್ಜಲ ಮಂಡಳಿ 2023ರ ಮೇ ತಿಂಗಳಲ್ಲಿ ದೇಶದ 15,259 ಕಡೆ ನೀರಿನ ಮಾದರಿ ತೆಗೆದು 2024ರ ಕೊನೆಗೆ ವರದಿ ಪ್ರಕಟಿಸಿತು. ದೇಶದಲ್ಲಿ ಸುಮಾರು 20 ಶೇಕಡಾ ಮಾದರಿಗಳಲ್ಲಿ ನೈಟ್ರೇಟ್ ಮಿತಿ ಮೀರಿತ್ತು. ಕರ್ನಾಟಕದಲ್ಲಿ ಸುಮಾರು 49 ಶೇಕಡಾ. ಮರುಭೂಮಿಯ ರಾಜಸ್ಥಾನಕ್ಕೆ ಸರಿಸಮ. ಎರಡರಲ್ಲೊಂದು ಮಾದರಿ ಕೆಟ್ಟಿದೆ ಎಂದಾಗ ಅದು ಎಲ್ಲೋ ಕೆಲವು ಊರಿನ ಮಾತಲ್ಲ.

ನೈಟ್ರೇಟ್ ಬರುವುದು ಮೂರು ಕಡೆಯಿಂದ: ಹೊಲಕ್ಕೆ ಹಾಕುವ ಯೂರಿಯಾ, ತಿಪ್ಪೆಗುಂಡಿ, ಶೌಚಗುಂಡಿ. ಟೊಮೇಟೊ, ಹಿಪ್ಪುನೇರಳೆ, ಕಬ್ಬಿನ ಹೊಲಕ್ಕೆ ಬೆಳೆ ಹೀರುವುದಕ್ಕಿಂತ ಹೆಚ್ಚು ಯೂರಿಯಾ ಬೀಳುತ್ತದೆ. ಮಿಕ್ಕದ್ದು ನೀರಿನ ಜೊತೆ ಕೆಳಗಿಳಿಯುತ್ತದೆ. ಮನೆಗೊಂದು ಶೌಚಾಲಯ ಕಟ್ಟಿಸಿದೆವು, ಅದು ಒಳ್ಳೆಯದೇ. ಆದರೆ ಅದರ ಗುಂಡಿಗೂ ಕುಡಿಯುವ ನೀರಿನ ಬೋರಿಗೂ ಎಷ್ಟು ಅಂತರ ಎಂದು ಯಾರು ಅಳೆದರು? ಒಳಚರಂಡಿ ಸೋರುವ ಬೆಂಗಳೂರಿನ ಬಡಾವಣೆಗಳ ಬೋರುಗಳಲ್ಲೂ ಇದೇ ಕಥೆ.

ಮಾನದಂಡದ ಮಿತಿ ಲೀಟರಿಗೆ 45 ಮಿಲಿಗ್ರಾಂ, ಇಲ್ಲಿ ಸಡಿಲಿಕೆ ಇಲ್ಲ. ಕಾರಣ ಎಳೆಗೂಸುಗಳು. ಆರು ತಿಂಗಳೊಳಗಿನ ಶಿಶುವಿಗೆ ಬಾಟಲಿಯಲ್ಲಿ ಪುಡಿ ಹಾಲು ಕಲಸಿ ಕೊಡುವಾಗ ಆ ನೀರಿನ ನೈಟ್ರೇಟ್ ಹೊಟ್ಟೆಯಲ್ಲಿ ನೈಟ್ರೈಟ್ ಆಗಿ, ರಕ್ತ ಆಮ್ಲಜನಕ ಒಯ್ಯುವ ಶಕ್ತಿಯನ್ನು ಕಸಿಯುತ್ತದೆ. ಮಗುವಿನ ತುಟಿ, ಉಗುರು ನೀಲಿಗಟ್ಟುತ್ತವೆ. 1945ರಲ್ಲಿ ಅಮೆರಿಕದ ಅಯೋವಾದ ಹಳ್ಳಿಮನೆಗಳ ಬಾವಿ ನೀರಿನಿಂದ ಹೀಗಾದದ್ದನ್ನು ವೈದ್ಯರೊಬ್ಬರು ಮೊದಲು ವಿವರಿಸಿದರು. ನೈಟ್ರೇಟ್ ಇರುವ ನೀರನ್ನು ‘ಮಗುವಿಗಲ್ಲವೇ, ಇನ್ನೊಂದು ಕುದಿ ಬರಲಿ’ ಎಂದು ಕುದಿಸಿದಷ್ಟೂ ಅದರ ನೈಟ್ರೇಟ್ ಸಾಂದ್ರವಾಗುತ್ತದೆ. ತಾಯಿಯ ಎದೆಹಾಲೇ ಇಲ್ಲಿ ಅತ್ಯುತ್ತಮ ರಕ್ಷೆ.

ಉದ್ಯಮದಿಂದ ಬರುವುದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ, ಏಕೆಂದರೆ ಅಲ್ಲಿ ತಪ್ಪು ಯಾರದು ಎಂಬುದು ಗೊತ್ತೇ ಇದೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಲೋಹಲೇಪನ ಘಟಕಗಳ ತ್ಯಾಜ್ಯದಿಂದ ಅಂತರ್ಜಲಕ್ಕೆ ಕ್ರೋಮಿಯಂ ಇಳಿದಿದೆ. ಅದರ ಒಂದು ರೂಪ (ಷಷ್ಠ ವೇಲೆನ್ಸಿಯ ಕ್ರೋಮಿಯಂ) ಕ್ಯಾನ್ಸರ್‌ಕಾರಕ. ಸೀಸ ಬರುವುದು ಹೆಚ್ಚಾಗಿ ಕೊಳಾಯಿಯಿಂದಲೇ: ಹಳೆಯ ಹಿತ್ತಾಳೆ ನಲ್ಲಿಗಳು, ಸೀಸ ಬೆರೆಸಿದ ಪಿವಿಸಿ ಪೈಪುಗಳು. ಪೈಪಿನಲ್ಲಿ ಸೀಸದ ಬಳಕೆಗೆ ಕಡಿವಾಣ ಹಾಕುವ ಕೇಂದ್ರದ ನಿಯಮ 2021ರಲ್ಲಷ್ಟೇ ಬಂತು, ಗೋಡೆಯೊಳಗಿರುವ ಹಳೆಯ ಪೈಪು ಇನ್ನೂ ಅಲ್ಲೇ ಇದೆ. ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರನ್ನು ಬೆಳಿಗ್ಗೆ ಗಿಡಕ್ಕೆ ಬಿಟ್ಟು ಆಮೇಲೆ ಹಿಡಿಯುವುದು ಒಳ್ಳೆಯದು.

ಐದು ರೂಪಾಯಿಯ ಕ್ಯಾನು

ಸರ್ಕಾರದ ಉತ್ತರ ಊರೂರಿನಲ್ಲಿ ಕಾಣುತ್ತದೆ: ನೀಲಿ ಬಣ್ಣದ ಶುದ್ಧ ಕುಡಿಯುವ ನೀರಿನ ಘಟಕ. ನಾಣ್ಯ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನು ತುಂಬುತ್ತದೆ. ಜನರ ಬಾಯಲ್ಲಿ ಅದು ಫಿಲ್ಟರ್ ನೀರು. ಒಳಗಿರುವ ಆರ್‌ಒ ತಂತ್ರ (ಮೆಂಬ್ರೇನ್ ಎಂಬ ಸೂಕ್ಷ್ಮ ಪೊರೆಯ ಮೂಲಕ ನೀರನ್ನು ಒತ್ತಿ ಸೋಸುವುದು) ಚೆನ್ನಾಗಿದ್ದಾಗ ಫ್ಲೋರೈಡ್, ನೈಟ್ರೇಟ್, ಯುರೇನಿಯಂ ಮೂರನ್ನೂ ತಡೆಯುತ್ತದೆ. ಇದಕ್ಕೂ ಮೊದಲು ನಾಗಪುರದ ‘ನೀರಿ’ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ರೂಪಿಸಿದ ನಲ್ಗೊಂಡ ವಿಧಾನವಿತ್ತು. ಪಟಿಕ, ಸುಣ್ಣ ಹಾಕಿ ಕಲಕಿ ಫ್ಲೋರೈಡನ್ನು ಕೆಸರಾಗಿ ಇಳಿಸುವುದು. ಅಗ್ಗವಾಗಿದ್ದರೂ ದಿನದಿನದ ಲೆಕ್ಕಾಚಾರ, ಕೆಸರಿನ ವಿಲೇವಾರಿ ಎಂದು ಮನೆಗಳಲ್ಲಿ ನಿಲ್ಲಲಿಲ್ಲ. ಆರ್‌ಒ ಘಟಕಗಳು ಬಂದದ್ದರಿಂದ ಬಹಳ ಜನಕ್ಕೆ ಉಪಕಾರವಾಗಿದೆ, ಅದನ್ನು ಅಲ್ಲಗಳೆಯಲಾರೆ.

ಆದರೆ ಅದರ ಮೇಲೆ ಭಾರವನ್ನೆಲ್ಲ ಹೊರಿಸಿ ಕೈತೊಳೆದುಕೊಂಡದ್ದು ತಪ್ಪು. ಘಟಕ ಕಟ್ಟುವುದಕ್ಕೆ ಟೆಂಡರ್ ಇರುತ್ತದೆ, ಉದ್ಘಾಟನೆಗೆ ಶಾಸಕರು ಬರುತ್ತಾರೆ. ಮೆಂಬ್ರೇನ್ ಬದಲಿಸಲು ದುಡ್ಡು ಇರುವುದಿಲ್ಲ. ಮೆಂಬ್ರೇನ್ ಹಾಳಾದರೂ ನೀರು ಬರುತ್ತಲೇ ಇರುತ್ತದೆ, ತಿಳಿಯಾಗಿಯೇ ಇರುತ್ತದೆ. ಕುಡಿಯುವವರಿಗೆ ಗೊತ್ತಾಗುವುದು ಹೇಗೆ? ಒಂದು ಲೀಟರ್ ಒಳ್ಳೆಯ ನೀರಿಗೆ ಒಂದು, ಒಂದೂವರೆ ಲೀಟರ್ ತ್ಯಾಜ್ಯ ನೀರು ಚರಂಡಿಗೆ ಹೋಗುತ್ತದೆ, ಹಿಡಿದ ಫ್ಲೋರೈಡ್ ಯುರೇನಿಯಂ ಎಲ್ಲವನ್ನೂ ಇನ್ನಷ್ಟು ಮಂದವಾಗಿ ಹೊತ್ತುಕೊಂಡು. ಅದು ಇಂಗುವುದು ಅದೇ ಊರಿನ ನೆಲಕ್ಕೆ. ಘಟಕಕ್ಕೆ ನೀರು ಕೊಡುವುದೂ ಅದೇ ಬತ್ತುತ್ತಿರುವ ಬೋರು.

ಇದಕ್ಕಿಂತ ದೊಡ್ಡ ತೂತು ಮನೆಯೊಳಗಿದೆ. ಐದು ಜನರ ಮನೆಯಲ್ಲಿ ಒಂದು ಕ್ಯಾನು ಕುಡಿಯಲು ಸಾಲುತ್ತದೆ, ಅಡುಗೆಗೆ ಸಾಲುವುದಿಲ್ಲ. ಕ್ಯಾನು ಹೊತ್ತು ತರುವವರು ಹೆಂಗಸರು, ಮಕ್ಕಳು. ಎರಡನೆಯ ಕ್ಯಾನಿಗೆ ಕೈಯೂ ಸೋಲುತ್ತದೆ, ಕಾಸೂ ಸಾಲದು. ಹಾಗಾಗಿ ಮುದ್ದೆ, ಅನ್ನ, ಸಾರಿಗೆ ನಲ್ಲಿಯ ಬೋರ್ ನೀರೇ. ಲೋಟದಿಂದ ಹೊರಹಾಕಿದ ಫ್ಲೋರೈಡ್ ತಟ್ಟೆಯಿಂದ ಒಳಗೆ ಬರುತ್ತದೆ. ಆರೋಗ್ಯ ಇಲಾಖೆಯ ಪ್ರಚಾರದಲ್ಲಿ ಕುಡಿಯುವ ನೀರು ಎಂದು ಹೇಳುವ ಪ್ರತಿ ಕಡೆಯೂ ಅಡುಗೆಯ ನೀರು ಎಂದು ಸೇರಿಸಿ ಹೇಳಬೇಕು.

ಬೋರಿಗೊಂದು ಬಣ್ಣ

ಒಂದೇ ಊರಿನ ಎರಡು ಬೋರುಗಳ ನೀರು ಒಂದೇ ಆಗಿರಬೇಕಿಲ್ಲ. ಬಿರುಕು ಬೇರೆ, ಆಳ ಬೇರೆ. ನೂರು ಗಜದ ಅಂತರದಲ್ಲಿ ಒಂದರಲ್ಲಿ ಫ್ಲೋರೈಡ್ ಲೀಟರಿಗೆ 0.8 ಮಿಲಿಗ್ರಾಂ, ಇನ್ನೊಂದರಲ್ಲಿ 3 ಇರಬಹುದು. ಆದ್ದರಿಂದ ಜಿಲ್ಲೆಯ ಸರಾಸರಿ, ತಾಲ್ಲೂಕಿನ ನಕ್ಷೆಗಳಿಂದ ಕುಡಿಯುವವರಿಗೆ ಉಪಯೋಗ ಕಡಿಮೆ. ಬೇಕಾದದ್ದು ಈ ಬೋರಿನ ಅಂಕಿ.

ಅದನ್ನು ಪಡೆಯುವ ಸಾಧನ ಈಗ ಹಳ್ಳಿಯಲ್ಲೇ ಇದೆ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಅಡಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ಕಿಟ್ ಬಳಸಲು ತರಬೇತಿ ಕೊಡಬೇಕು ಎಂಬ ವ್ಯವಸ್ಥೆಯಿದೆ. ಸಣ್ಣ ಗಾಜಿನ ಕೊಳವೆಗೆ ಗುರುತಿನವರೆಗೆ ನೀರು ಹಾಕಿ, ಬಾಟಲಿಯಿಂದ ಕೆಲವು ಹನಿ ದ್ರಾವಣ ಬಿಡುತ್ತಾರೆ. ಫ್ಲೋರೈಡ್ ಇಲ್ಲದಿದ್ದರೆ ಬಣ್ಣ ಗುಲಾಬಿಯಾಗಿ ಉಳಿಯುತ್ತದೆ, ಹೆಚ್ಚಿದಷ್ಟೂ ಹಳದಿಯತ್ತ ತಿರುಗುತ್ತದೆ. ಬಣ್ಣದ ಪಟ್ಟಿಯ ಪಕ್ಕ ಹಿಡಿದು ಅಂಕಿ ಓದುತ್ತಾರೆ. ಏಳನೇ ತರಗತಿ ಓದಿದ ಹೆಣ್ಣುಮಗಳು ನಿಮಿಷಗಳಲ್ಲಿ ಮಾಡಬಲ್ಲ ಕೆಲಸ. ನೈಟ್ರೇಟಿಗೂ ಇಂಥದ್ದೇ ಇದೆ. ಯುರೇನಿಯಂ ಮಾತ್ರ ಕಿಟ್ಟಿನಲ್ಲಿ ತಿಳಿಯದು, ಪ್ರಯೋಗಾಲಯವೇ ಬೇಕು. ಪೂರ್ವ ಜಿಲ್ಲೆಗಳ ಪ್ರತಿ ಕುಡಿಯುವ ನೀರಿನ ಬೋರಿಗೂ ಒಮ್ಮೆಯಾದರೂ ಅದನ್ನು ಮಾಡಿಸುವುದು ಜಿಲ್ಲಾಡಳಿತದ ಹೊಣೆ.

ಕಿಟ್ಟಿನ ಫಲಿತಾಂಶ ಕೊನೆಗೆ ಸೇರುವುದು ಪೋರ್ಟಲ್ಲಿಗೆ. ಬೋರಿನ ಮುಂದೆ ಬಿಂದಿಗೆ ಹಿಡಿದು ನಿಂತವರಿಗೆ ಅದು ಕಾಣುವುದಿಲ್ಲ. ಬಾಂಗ್ಲಾದೇಶದಲ್ಲಿ ಆರ್ಸೆನಿಕ್ ವಿಷಯ ತಿಳಿದಾಗ ಸುಮಾರು 50 ಲಕ್ಷ ಕೊಳವೆ ಬಾವಿಗಳನ್ನು ಪರೀಕ್ಷಿಸಿ, ಸುರಕ್ಷಿತವಾದವುಗಳ ಮೂತಿಗೆ ಹಸಿರು, ಅಪಾಯದವುಗಳಿಗೆ ಕೆಂಪು ಬಣ್ಣ ಬಳಿದರು. ಓದು ಬಾರದವರಿಗೂ ಅರ್ಥವಾಯಿತು. ಹಲವು ಕುಟುಂಬಗಳು ಕೆಂಪು ಬಾವಿ ಬಿಟ್ಟು ಪಕ್ಕದ ಹಸಿರು ಬಾವಿಗೆ ಹೋದವು, ಯಾವ ಯಂತ್ರವೂ ಇಲ್ಲದೆ. ನಮ್ಮ ಪಂಚಾಯಿತಿಗಳು ಒಂದು ಡಬ್ಬಿ ಪೇಂಟಿನಲ್ಲಿ ಈ ಕೆಲಸ ಮಾಡಬಹುದು: ಬಣ್ಣ, ಫ್ಲೋರೈಡಿನ ಅಂಕಿ, ಪರೀಕ್ಷಿಸಿದ ತಿಂಗಳು. ಮಳೆಗಾಲದಲ್ಲೊಮ್ಮೆ, ಏಪ್ರಿಲ್‌ನಲ್ಲೊಮ್ಮೆ. ಊರಿಗೆ ಕೆಟ್ಟ ಹೆಸರು ಬರುತ್ತದೆ ಎಂದು ಹಿಂಜರಿಯುವವರು ಇದ್ದಾರೆ. ಹೆಸರು ಉಳಿಸಲು ಮಕ್ಕಳ ಹಲ್ಲನ್ನು ಒತ್ತೆ ಇಡುವುದು ಯಾವ ನ್ಯಾಯ?

ಮೇಲಿನ ನೀರಿನ ಕಡೆಗೆ

ಕೊನೆಗೂ ಪರಿಹಾರ ಆಳದಲ್ಲಿಲ್ಲ. ಕೆರೆ, ನದಿ, ಮಳೆಯ ನೀರಿಗೆ ಮರಳಬೇಕು. ಈ ಸಲ ರೋಗಾಣುಗಳನ್ನು ಕೊಲ್ಲುವ ಕ್ಲೋರಿನ್ ನಮ್ಮ ಕೈಯಲ್ಲಿದೆ. ತುಂಗಭದ್ರಾ ಹಿನ್ನೀರನ್ನು ಪಾವಗಡಕ್ಕೆ ತರುವ ಯೋಜನೆ ಈ ದಿಕ್ಕಿನದು. ಎತ್ತಿನಹೊಳೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆ ಸಿಕ್ಕಿತು, ಸಕಲೇಶಪುರದಿಂದ ಕೋಲಾರ ಬಹಳ ದೂರ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಬತ್ತಿದ್ದ ಬೋರುಗಳಲ್ಲಿ ನೀರು ಮೇಲೆ ಬಂದಿದೆ, ರೈತರ ಸಂತೋಷ ಸುಳ್ಳಲ್ಲ. ಆದರೆ ಅದು ಎರಡನೇ ಹಂತದವರೆಗೆ ಮಾತ್ರ ಸಂಸ್ಕರಿಸಿದ ನೀರು. ಮೂರನೇ ಹಂತದ ಸಂಸ್ಕರಣೆ ಬೇಕೆಂದು ಕೋಲಾರದ ಹೋರಾಟಗಾರರು ಕೇಳುತ್ತಲೇ ಇದ್ದಾರೆ. ಮಹಾನಗರದ ನೈಟ್ರೇಟ್, ಕಾರ್ಖಾನೆಗಳ ಲೋಹ ಅದೇ ಅಂತರ್ಜಲಕ್ಕೆ ಇಳಿಯಬಾರದೆಂಬ ಆ ಒತ್ತಾಯ ಪೂರ್ತಿ ನ್ಯಾಯವಾದದ್ದು.

ಈ ದೊಡ್ಡ ಯೋಜನೆಗಳು ಮುಗಿಯುವವರೆಗೆ ಕಾಯಲು ಮಕ್ಕಳ ಹಲ್ಲಿಗೆ ಸಮಯವಿಲ್ಲ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ವರ್ಷಕ್ಕೆ 550 ಮಿಲಿಮೀಟರ್ ಮಳೆಯ ಒಣ ತಾಲ್ಲೂಕಿನಲ್ಲೂ 30 ಚದರ ಮೀಟರ್ ಚಾವಣಿಯಿಂದ, ಐದರಲ್ಲೊಂದು ಪಾಲು ಪೋಲಾದರೂ, ಸುಮಾರು 13,000 ಲೀಟರ್ ಸಿಗುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಎಂದರೆ ವರ್ಷಕ್ಕೆ 9,000 ಲೀಟರ್ ಚಿಲ್ಲರೆ. ಮಳೆಯಿಲ್ಲದ ತಿಂಗಳುಗಳಿಗೆ ಐದಾರು ಸಾವಿರ ಲೀಟರಿನ, ಬೆಳಕು ಬೀಳದ ತೊಟ್ಟಿ ಬೇಕು, ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡುವ ಪೈಪು ಬೇಕು. ಹುಲ್ಲು ಚಾವಣಿಯ, ಮುರುಕು ಹೆಂಚಿನ ಮನೆಗಳಿಗೆ ಇದು ಆಗದು, ತೊಟ್ಟಿಯ ಖರ್ಚು ಬಡವರ ಕೈಗೆ ಎಟುಕದು. ಆದ್ದರಿಂದ ಎಲ್ಲ ಮನೆಗಳಿಗೂ ಒಂದೇ ಬಾರಿ ಎಂದು ಹೊರಡುವುದಕ್ಕಿಂತ, ಹಲ್ಲು ಮೂಡುವ ವಯಸ್ಸಿನ ಮಕ್ಕಳು ಉಣ್ಣುವ ಜಾಗದಿಂದ ಶುರುಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ: ಅಂಗನವಾಡಿ, ಅದರ ಪಕ್ಕದ ಪ್ರಾಥಮಿಕ ಶಾಲೆ. ಗರ್ಭಿಣಿಯರ, ಬಾಣಂತಿಯರ ಊಟವೂ ಅಂಗನವಾಡಿಯಲ್ಲೇ ಬೇಯುತ್ತದೆ. ಶಾಲೆಯ ಆರ್‌ಸಿಸಿ ಚಾವಣಿ 200 ಚದರ ಮೀಟರ್ ಇದ್ದರೆ ಅದೇ ಮಳೆಗೆ 88,000 ಲೀಟರ್ ಬರುತ್ತದೆ. ಅರವತ್ತು ಮಕ್ಕಳಿಗೆ ಕುಡಿಯಲು, ಬಿಸಿಯೂಟ ಬೇಯಿಸಲು ತಲೆಗೆ ಮೂರು ಲೀಟರಿನಂತೆ 220 ಶಾಲಾ ದಿನಗಳಿಗೆ ಬೇಕಾದದ್ದು 39,600 ಲೀಟರ್. ಉಳಿದದ್ದರಲ್ಲಿ ಅಂಗನವಾಡಿಯ ಅಡುಗೆಯೂ ಆಗುತ್ತದೆ.